ಹರಿಹರದ ಲಾಂಚಿನ ಗ್ಲ್ಯಾಂಡು

ಯಾವ ಗ್ರೇಡಿನಲ್ಲಿ ನಿವೃತ್ತರಾದಿರಿ ಎಂದು ಕೇಳುವವರಿಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತೇನೆ. ಕೆಲಸ ಹೇಗೆ ಕಲಿತಿರಿ ಎಂದು ಕೇಳಿದವರನ್ನು ಮಾತ್ರ ಕೂರಿಸಿಕೊಂಡು, ಚಹಾ ಕುಡಿಸಿ, ಅವರಿಗೆ ಸಾಕು ಸಾಕೆನಿಸುವವರೆಗೂ ಹೇಳುತ್ತೇನೆ. ಕಳೆದ ತಿಂಗಳು ನಮ್ಮ ಬೀದಿಯ ಇಬ್ಬರು ಬಂದಿದ್ದರು. ಐಟಿಐ ಮುಗಿಸಿ ಹೊಸದಾಗಿ ಫಿಟರ್ ಕೆಲಸಕ್ಕೆ ಸೇರಿದವರು. "ಅಜ್ಜಾರೆ, ಈಗ ಶಾಫ್ಟಿನ ಹತ್ರ ನೀರು ಸೋರಿದ್ರೆ ಅಂಗಡಿಯಿಂದ ಸೀಲು ತಂದು ಕೂರಿಸಿಬಿಡ್ತೀವಿ. ನಿಮ್ಮ ಕಾಲದಾಗೆ ಏನು ಮಾಡ್ತಿದ್ರಿ?" ಎಂದು ಕೇಳಿದರು. ನಾನು ಹತ್ತಿಯ ಹಗ್ಗ ಹೆಣೆಯುವುದನ್ನು ಹೇಳಿದೆ, ಹಗ್ಗ ಕತ್ತರಿಸುವುದನ್ನು ಹೇಳಿದೆ. ಅವರು ಹೋದ ಮೇಲೆ, ಹೇಳಿದ್ದಕ್ಕಿಂತ ಹೇಳದೆ ಉಳಿಸಿಕೊಂಡದ್ದೇ ಹೆಚ್ಚು ಅನ್ನಿಸಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಖಾಸಿಂ ಉಸ್ತಾದರ ವರ್ಕ್‌ಶಾಪಿಗೆ ಸೇರಿದಾಗ ನನಗೆ ಇಪ್ಪತ್ತೆರಡು. ಆಗ ಊರಿಗೆಲ್ಲ ಗಿರಣಿಯ ಸೈರನ್ನೇ ಗಡಿಯಾರ. ಊರಲ್ಲಿ ಹತ್ತಿ ಗಿರಣಿ, ಅಕ್ಕಿ ಗಿರಣಿ, ಎಣ್ಣೆ ಗಾಣ ಎಷ್ಟಿದ್ದವೋ ಅಷ್ಟೂ ಕಡೆಯ ಎಂಜಿನ್ನು ಪಂಪುಗಳು ಒಂದಲ್ಲ ಒಂದು ದಿನ ಉಸ್ತಾದರ ಕೈಗೆ ಬರುತ್ತಿದ್ದವು. ಸಣಕಲು ಆಳು, ತಲೆಗೆ ಬಿಳಿ ಟೋಪಿ, ಕಾಲು ಮುರಿದ ಕನ್ನಡಕಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಿದ್ದರು. ಯಾವ ಯಂತ್ರ ಬಿಚ್ಚಿದರೂ ಮೊದಲು ಮೂಸಿ ನೋಡುವುದು ಅವರ ರೂಢಿ. ಸುಟ್ಟ ಎಣ್ಣೆಯೋ, ಕೆಟ್ಟ ಎಣ್ಣೆಯೋ, ಕಲಬೆರಕೆಯೋ ಎಂದು ಮೂಗಿನಲ್ಲೇ ಹೇಳುತ್ತಿದ್ದರು. ನಾವು ನಕ್ಕರೆ, "ನಗ್ರಿ, ನಗ್ರಿ. ನಿಮ್ಮ ಮೂಗು ಇರೋದು ಶೀತ ಆಗಾಕೆ ಮಾತ್ರ" ಅನ್ನುತ್ತಿದ್ದರು.

ಸೇರಿದ ಹೊಸದರಲ್ಲಿ ಒಂದು ಅಕ್ಕಿ ಗಿರಣಿಯ ಎಂಜಿನ್ನು ಬಿಚ್ಚಿ ಜೋಡಿಸಿದೆ. ಎಲ್ಲ ಮುಗಿದ ಮೇಲೆ ನೋಡಿದರೆ ಒಂದು ನಟ್ಟು ಕೈಯಲ್ಲಿ ಉಳಿದಿದೆ! ಮತ್ತೆ ಬಿಚ್ಚಲು ಸೋಮಾರಿತನ, ಹೇಳಲು ನಾಚಿಕೆ. ಜೇಬಿಗೆ ಹಾಕಿಕೊಂಡೆ. ಉಸ್ತಾದರು ಎಂಜಿನ್ನು ಶುರು ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳಿ, ನನ್ನ ಮುಖ ನೋಡದೆಯೇ ಕೈ ಚಾಚಿದರು. ನಟ್ಟು ಕೊಟ್ಟೆ. ಬೈಯಲಿಲ್ಲ. "ಮರೆಯೋದು ಕೈ ತಪ್ಪು ಬೇಟಾ. ಜೇಬಿಗೆ ಹಾಕ್ಕೊಳ್ಳೋದು ನಿನ್ನ ತಪ್ಪು" ಅಂದರು. ಅವತ್ತು ಮಧ್ಯಾಹ್ನ ಮಂಡಕ್ಕಿ ತರಿಸಿದಾಗ ನನ್ನ ಪಾಲಿಗೆ ಮೆಣಸಿನಕಾಯಿ ಒಂದು ಹೆಚ್ಚಾಗಿಯೇ ಇಟ್ಟಿದ್ದರು. ಅಂಥವರ ಕೈಕೆಳಗೆ ಕೆಲಸ ಕಲಿತೆ. ಆಮೇಲೆ ನಾನು ಕಂಡ ಸೂಪರ್‌ವೈಸರುಗಳಲ್ಲಿ ಒಬ್ಬರೂ ಅವರ ಉಗುರಿಗೆ ಸಮವಾಗಲಿಲ್ಲ.

ಲಾಂಚು ಬಂದದ್ದು ಎರಡನೆಯ ವರ್ಷದ ಮುಂಗಾರಿನಲ್ಲಿ. ಹರಿಹರದಲ್ಲಿ ಹೊಳೆಗೆ ಸೇತುವೆ ಇತ್ತು, ನಿಜ. ಆದರೆ ದಂಡೆಯುದ್ದಕ್ಕೂ ಇರುವ ಹಳ್ಳಿಯವರು ಎದುರು ದಡಕ್ಕೆ ಹೋಗಲು ಸೇತುವೆಗೆ ಸುತ್ತಿ ಬರಬೇಕೆಂದರೆ ಅರ್ಧ ದಿನ ಹೋಗುತ್ತಿತ್ತು. ಆಗಿನ್ನೂ ಏಕೀಕರಣ ಆಗಿರಲಿಲ್ಲ, ಎದುರು ದಡ ಬೇರೆ ರಾಜ್ಯ. ಹೆಣ್ಣು ಕೊಟ್ಟು ತಂದವರಿಗೆ ಮಾತ್ರ ಎರಡೂ ಒಂದೇ ಊರು. ಹೊಳೆ ತುಂಬಿದಾಗ ತೆಪ್ಪಗಳನ್ನು ಬಿಡುತ್ತಿರಲಿಲ್ಲ. ಹರಿಹರದ ಚನ್ನಬಸಪ್ಪ ಸಾವಕಾರರು ಯಾವುದೋ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಾಜಿಗೆ ಬಂದ ಕಬ್ಬಿಣದ ಮೋಟಾರು ಲಾಂಚೊಂದನ್ನು ಕೊಂಡು, ಲಾರಿಯ ಮೇಲೆ ಹೇರಿಸಿ ತಂದರು. ಸಾವಕಾರರು ಭತ್ತದ ವ್ಯಾಪಾರದವರು, ದಿನಕ್ಕೆರಡು ಸಲ ಲಿಂಗಪೂಜೆ ಮಾಡಿಕೊಳ್ಳುವ ಆಚಾರವಂತರು, ಮಾತಿಗೆ ಬಹಳ ಬೆಲೆ ಕೊಡುವವರು. ಲಾಂಚು ನಡೆಸಲು ಅಂಬಿಗರ ಹನುಮಂತಪ್ಪನನ್ನು ಇಟ್ಟುಕೊಂಡರು. ಹೊಳೆಯ ಒಂದೊಂದು ಸುಳಿಯನ್ನೂ ಬಲ್ಲವನು ಅವನು, ಬಾಯಿ ಮಾತ್ರ ಸ್ವಲ್ಪ ಜೋರು.

ಹೊಳೆಗಿಳಿಸಿದ ದಿನವೇ ಲಾಂಚು ಸೋರಿತು. ಹನುಮಂತಪ್ಪ ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬಿ ಹಿಡಿದು ನೀರು ಮೊಗೆದು ಚೆಲ್ಲುತ್ತಲೇ ಎದುರು ದಡ ಮುಟ್ಟಿದ. ಆಗ ಸಾವಕಾರರು ನಮ್ಮನ್ನು ಕರೆಸಿದರು.

ಉಸ್ತಾದರಾಗಲಿ ನಾನಾಗಲಿ ಅದುವರೆಗೆ ಮೋಟಾರು ದೋಣಿಯ ಹೊಟ್ಟೆ ಕಂಡವರಲ್ಲ. ಆದರೂ ಉಸ್ತಾದರು ಒಳಗಿಳಿದು, ಎಂಜಿನ್ನಿನಿಂದ ಹಿಂದಕ್ಕೆ ಶಾಫ್ಟಿನುದ್ದಕ್ಕೂ ಕೈಯಾಡಿಸುತ್ತಾ ಹೋಗಿ, ಕೊನೆಗೆ ಒಂದು ಹಿತ್ತಾಳೆ ಪೆಟ್ಟಿಗೆಯ ಹತ್ತಿರ ನಿಂತು ನಕ್ಕರು. "ಏ ಮಲ್ಲೂ, ಹೆದರಿದ್ದೆ ನಾನು. ಇದು ನಮ್ಮ ಗಿರಣಿ ಪಂಪಿನ ತಮ್ಮನೇ ಐತೆ ಬಾರೋ!"

ವಿಷಯ ಇಷ್ಟೇ. ಎಂಜಿನ್ನು ಒಳಗೆ, ನೀರು ತಳ್ಳುವ ಪಂಖ ಹೊರಗೆ. ನಡುವಿನ ಶಾಫ್ಟು ದೋಣಿಯ ತಳದಲ್ಲಿ ತೂತು ಮಾಡಿಕೊಂಡೇ ಹೊರಗೆ ಹೋಗಬೇಕು. ಆ ತೂತಿನಿಂದ ಹೊಳೆ ಒಳಗೆ ಬರದಂತೆ ತಡೆಯುವುದು ಆ ಹಿತ್ತಾಳೆ ಪೆಟ್ಟಿಗೆ. ಅದರೊಳಗೆ ಹತ್ತಿಯ ಹಗ್ಗವನ್ನು ಬಳೆಯಂತೆ ಕತ್ತರಿಸಿ ಶಾಫ್ಟಿನ ಸುತ್ತ ಒಂದರ ಹಿಂದೊಂದು ಕೂರಿಸಿ, ಹಿಂದಿನಿಂದ ನಟ್ಟು ಬಿಗಿದು ಒತ್ತಬೇಕು. ಇದೇ ಗ್ಲ್ಯಾಂಡು. ಹಗ್ಗ ಹಳತಾಗಿ ಸವೆದಿತ್ತು. ನಮ್ಮಲ್ಲಿ ಹಗ್ಗಕ್ಕೇನು ಬರ? ಗಿರಣಿಯ ವೇಸ್ಟ್ ನೂಲು ತಂದು ಉಸ್ತಾದರೇ ಚೌಕ ಬರುವಂತೆ ಹೆಣೆದರು. ಬಳೆಯ ತುದಿಗಳನ್ನು ಓರೆಯಾಗಿ ಕತ್ತರಿಸಬೇಕು, ಒಂದರ ಜೋಡು ಮೇಲೆ ಬಂದರೆ ಇನ್ನೊಂದರದು ಕೆಳಗೆ ಬರಬೇಕು. ಜೋಡುಗಳು ಸಾಲಾಗಿ ಬಂದರೆ ನೀರಿಗೆ ದಾರಿ ತೋರಿಸಿದಂತೆ.

ಮೊದಲ ಸಲ ನಟ್ಟು ಬಿಗಿಯಲು ನನಗೇ ಬಿಟ್ಟರು. ನಾನು ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಗಿದೆ. ಒಂದು ಹನಿಯೂ ಇಲ್ಲ! ದಂಡೆಯ ಮೇಲೆ ನಿಂತ ಜನ ಭೇಷ್ ಅಂದರು. ನಾನು ಎದೆ ಉಬ್ಬಿಸಿದೆ. ನಡುಹೊಳೆಗೆ ಹೋಗುವಷ್ಟರಲ್ಲಿ ಪೆಟ್ಟಿಗೆಯಿಂದ ಹೊಗೆ ಎದ್ದು, ಹತ್ತಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹನುಮಂತಪ್ಪ, "ಫಿಟರ್ ಸಾಹೇಬ್ರು ದೋಣಿಯೊಳಗೆ ಒಲಿ ಹಚ್ಯಾರೆ, ಅಡಿಗಿ ಏನಿವತ್ತು?" ಎಂದು ಕೂಗಿದ. ಉಸ್ತಾದರು ಎಂಜಿನ್ನು ನಿಲ್ಲಿಸಿ, ನಟ್ಟು ಸಡಿಲಿಸಿ, ಹನಿ ಬೀಳುವವರೆಗೆ ಕಾದರು.

"ಬಾಯಿ ಒಣಗಿದ್ರೆ ಮನುಷ್ಯಾನೇ ಮಾತಾಡಲ್ಲ, ಶಾಫ್ಟು ಹೆಂಗೆ ತಿರುಗೀತು? ಅದಕ್ಕೂ ನೀರು ಬೇಕು. ಒಂದು ಹನಿ ಬಿದ್ದು ಇನ್ನೊಂದು ಬೀಳೋದ್ರೊಳಗೆ ನಾನು ಬಿಸ್ಮಿಲ್ಲಾ ಅಂದು ಮುಗಿಸಿರಬೇಕು. ನೀನು ಬೇಕಾದ್ರೆ ಓಂ ನಮಃ ಶಿವಾಯ ಅಂದ್ಕೋ. ಅಳತಿ ಒಂದೇ."

ಈಗಲೂ ಎಲ್ಲಿಯಾದರೂ ನಲ್ಲಿ ತೊಟ್ಟಿಕ್ಕಿದರೆ ನನ್ನ ಬಾಯಿ ತಾನಾಗಿ ಆ ಅಳತೆ ಹಾಕುತ್ತದೆ. ಮನೆಯವರು ನನಗೆ ವಯಸ್ಸಾಗಿ ಭಕ್ತಿ ಬಂದಿದೆ ಅಂದುಕೊಂಡಿದ್ದಾರೆ.

ತೊಡಕು ಇದ್ದದ್ದು ಬೇರೆ ಕಡೆ. ಬರೀ ಹತ್ತಿ ನೀರಿನಲ್ಲಿ ಬೇಗ ಸವೆಯುತ್ತದೆ, ಅದಕ್ಕೆ ಜಿಡ್ಡು ಕುಡಿಸಬೇಕು. ಗಿರಣಿ ಪಂಪುಗಳಿಗೆ ನಾವು ಕುಡಿಸುತ್ತಿದ್ದದ್ದು ಚರಬಿ, ಅಂದರೆ ದನ ಕುರಿಗಳ ಕೊಬ್ಬು. ನೀರಿನಲ್ಲಿ ತೊಳೆದು ಹೋಗದೆ ನಿಲ್ಲುವುದು ಅದೊಂದೇ ಎಂದು ಕಸುಬಿನವರೆಲ್ಲ ನಂಬಿದ್ದ ಕಾಲ. ಸಾವಕಾರರು ಮೊದಲ ದಿನವೇ ಉಸ್ತಾದರನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

"ಉಸ್ತಾದ್ರೆ, ಈ ದೋಣಿಯೊಳಗೆ ಲಿಂಗ ಕಟ್ಟಿದವರು ಕೂಡ್ತಾರೆ, ಮಠದ ಅಯ್ಯನವರು ಕೂಡ್ತಾರೆ. ಚರಬಿ ಗಿರಬಿ ಒಳಗೆ ಬರಬಾರ್ದು. ನೀವು ತಿಳಿದವರು, ನಿಮಗೆ ಹೆಚ್ಚು ಹೇಳೋದು ಬ್ಯಾಡ."

"ಬರಲ್ರಿ ಸಾವಕಾರ್ರೆ. ನನ್ನ ಜಬಾನು" ಅಂದರು ಉಸ್ತಾದರು. ನಾನು ಅಲ್ಲೇ ಇದ್ದೆ. ಕಿವಿಯಾರೆ ಕೇಳಿದ್ದೆ.

ಮಾತು ಕೊಟ್ಟ ಮೇಲೆ ಶುರುವಾಯಿತು ನಮ್ಮ ಪಾಡು. ಹರಳೆಣ್ಣೆ ಕುಡಿಸಿದೆವು, ನಾಲ್ಕು ದಿನಕ್ಕೆ ತೊಳೆದು ಹೋಯಿತು. ಶೇಂಗಾ ಎಣ್ಣೆ ಕುಡಿಸಿದೆವು, ಅಂಟಂಟಾಗಿ ಹಿಡಿದುಕೊಂಡಿತು. ಸಾವಕಾರರು ತಮ್ಮ ಮನೆಯ ತುಪ್ಪವನ್ನೇ ತಂದು ಕೊಟ್ಟರು. ಲಾಂಚಿನಲ್ಲಿ ಕೂತವರಿಗೆಲ್ಲ ಮದುವೆ ಮನೆಗೆ ಬಂದಂತೆ ಘಮಘಮ. ಆದರೆ ತುಪ್ಪ ಶಾಫ್ಟಿನ ಬಿಸಿಗೆ ಕರಗಿ ಹೋಯಿತು, ಮುಂದಿನ ಸಲಕ್ಕೆಂದು ಲಾಂಚಿನಲ್ಲಿ ತುಪ್ಪ ಕುಡಿಸಿ ಇಟ್ಟಿದ್ದ ಹಗ್ಗವನ್ನು ಇಲಿಗಳು ಒಂದೆಳೆ ಬಿಡದೆ ತಿಂದು ಹಾಕಿದವು. "ಎಂಥಾ ಪುಣ್ಯವಂತ ಇಲಿ ನೋಡ್ರಿ, ನನ್ನ ಮಕ್ಕಳಿಗಿಲ್ಲ ಈ ಊಟ" ಅಂದ ಹನುಮಂತಪ್ಪ. ವಾರಕ್ಕೊಮ್ಮೆ ದಾವಣಗೆರೆಯಿಂದ ರೈಲು ಹತ್ತಿ ಹೋಗುವುದು, ಗ್ಲ್ಯಾಂಡು ಬಿಚ್ಚುವುದು, ಹೊಸ ಬಳೆ ಕೂರಿಸುವುದು. ಬೇರೆಯವರಾಗಿದ್ದರೆ ಬೇಸತ್ತು ಬಿಡುತ್ತಿದ್ದರು. ಉಸ್ತಾದರಿಗೆ ಮಾತ್ರ ಅದರ ಹುಚ್ಚೇ ಹಿಡಿದಿತ್ತು. ನಲವತ್ತು ವರ್ಷ ಗಿರಣಿಯ ಧೂಳು ಕುಡಿದ ಮನುಷ್ಯ ಹೊಳೆಯ ಗಾಳಿಗೆ ಮುಖವೊಡ್ಡಿ ಕೂತು, ಮಾತೇ ಆಡದೆ ಎದುರು ದಡ ನೋಡುತ್ತಿದ್ದರು. ಆಗ ಅವರ ಪಕ್ಕ ಕೂತಿದ್ದೆನಲ್ಲ, ಆ ಒಂದೊಂದು ಗಳಿಗೆಗೂ ಈಗ ಜೀವ ಹಂಬಲಿಸುತ್ತದೆ.

ಆ ವರ್ಷ ಶ್ರಾವಣದಲ್ಲಿ ಉಸ್ತಾದರು ನೆಂಟರ ಮದುವೆಗೆಂದು ಮೂರು ದಿನ ಊರಿಗೆ ಹೋದರು. ಅವರು ಹೋದ ಮಾರನೆಯ ದಿನವೇ ಹರಿಹರದಿಂದ ಆಳು ಬಂದ. ಹೊಳೆ ಏರಿದೆ, ಗ್ಲ್ಯಾಂಡು ಧಾರಾಕಾರ ಸೋರುತ್ತಿದೆ, ನಾಳೆ ಬೆಳಿಗ್ಗೆ ಅಯ್ಯನವರು ಎದುರು ದಡದ ಭಕ್ತರ ಮನೆಗೆ ಪಾದಪೂಜೆಗೆ ಹೋಗಬೇಕು, ಏನಾದರೂ ಮಾಡಿ ಎಂದು ಸಾವಕಾರರು ಹೇಳಿ ಕಳಿಸಿದ್ದರು.

ನಾನು ಹಗ್ಗದ ಸುರುಳಿ ತೆಗೆದುಕೊಂಡೆ. ಹರಳೆಣ್ಣೆಯ ಬಾಟಲಿಗೆ ಕೈ ಹಾಕಿದವನು ಅದರ ಪಕ್ಕದಲ್ಲಿದ್ದ ಚರಬಿ ಡಬ್ಬಿ ನೋಡಿದೆ. ಗಿರಣಿ ಪಂಪುಗಳಿಗೆಂದು ಇಟ್ಟಿದ್ದದ್ದು. ಮುಚ್ಚಿದ ಹಿತ್ತಾಳೆ ಪೆಟ್ಟಿಗೆಯೊಳಗೆ ಏನಿದೆ ಎಂದು ಯಾರು ನೋಡುತ್ತಾರೆ ಅನ್ನಿಸಿತು. ಸೋರಿಕೆ ನಿಂತರೆ ಸಾಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಉಸ್ತಾದರು ಬಂದಾಗ 'ಏನು ಮಾಡಿದೆ ಮಲ್ಲೂ, ನನ್ನ ಕೈಲಾಗದ್ದು ನಿನ್ನ ಕೈಲಾಯ್ತಲ್ಲ' ಎಂದು ಬೆನ್ನು ತಟ್ಟಲಿ ಅಂತಲೂ ಅನ್ನಿಸಿತು. ಒಂದು ಹಿಡಿ ಚರಬಿಯನ್ನು ಕಾಗದದಲ್ಲಿ ಸುತ್ತಿಕೊಂಡೆ. ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿದವನು ನಾನು. ಮನೆಯಲ್ಲಿ ನಮ್ಮವ್ವ ನನ್ನ ಕೆಲಸದ ಬಟ್ಟೆಯನ್ನು ಹೊರಗೆ ಬಿಚ್ಚಿಸಿ ಒಳಗೆ ಬಿಡುತ್ತಿದ್ದಳು. ನನಗೆ ತಿಳಿಯದ ಸಂಗತಿಯೇನೂ ಅದಾಗಿರಲಿಲ್ಲ.

ಮಾರನೆಯ ದಿನ ಅಯ್ಯನವರು ದಾಟಿದರು. ಗ್ಲ್ಯಾಂಡು ಅಳತೆಯಂತೆ ತೊಟ್ಟಿಕ್ಕುತ್ತಿತ್ತು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾವಕಾರರು ನನ್ನ ಕೈಗೆ ತೆಂಗಿನಕಾಯಿ ಕೊಟ್ಟರು.

ಎಂಟು ದಿನದ ಮೇಲೆ ಉಸ್ತಾದರು ಹರಿಹರಕ್ಕೆ ಬಂದರು. ಹರಳೆಣ್ಣೆ ಇಷ್ಟು ದಿನ ನಿಂತಿದ್ದು ಹೇಗೆ ಎಂದು ಅವರಿಗೆ ಕುತೂಹಲ. ಲಾಂಚನ್ನು ದಂಡೆಗೆ ಎಳೆಸಿ, ನಟ್ಟು ಬಿಚ್ಚಿ, ಕೊಕ್ಕೆಯಿಂದ ಒಂದು ಬಳೆ ಹೊರಗೆಳೆದರು. ಎಂದಿನಂತೆ ಮೂಗಿಗೆ ಹಿಡಿದರು. ನನ್ನ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಇಷ್ಟು ವರ್ಷಕ್ಕೆ ಮರೆತುಬಿಡುತ್ತಿದ್ದೆ. ಹೆದರಿಕೆ ಇತ್ತು.

ಅದೇ ಹೊತ್ತಿಗೆ ಸಾವಕಾರರು ದಂಡೆಯ ಮೇಲೆ ಬಂದು ನಿಂತರು. "ಏನ್ರಿ ಉಸ್ತಾದ್ರೆ, ಕಡೀಗೂ ಗೆದ್ರಲ್ಲ! ಎಂಥ ಔಷಧ ಕುಡಿಸೀರಿ ಈ ಸಲ?"

ಹರಳೆಣ್ಣೆ ಎಂದಿದ್ದರೆ ಮುಗಿಯುತ್ತಿತ್ತು. ಹಳೆಯ ಬಳೆ ಹೊಳೆಗೆ ಬಿಸಾಡಿ ಹೊಸದು ಕೂರಿಸಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಉಸ್ತಾದರು ಲಾಂಚಿನಿಂದ ಕೆಳಗಿಳಿದು, ಟೋಪಿ ಸರಿಮಾಡಿಕೊಂಡು, ಸಾವಕಾರರ ಎದುರು ನಿಂತರು.

"ತಪ್ಪಾಗೈತ್ರಿ ಸಾವಕಾರ್ರೆ. ಇದರೊಳಗೆ ಚರಬಿ ಐತೆ. ನನ್ನ ಕೈಯಿಂದ ಆಗೈತೆ."

ನಾನು ಮೂರು ಮಾರು ದೂರದಲ್ಲಿದ್ದೆ, ಕೈಯಲ್ಲಿ ಸ್ಪ್ಯಾನರು ಹಿಡಿದು. ಅಲ್ಲ, ನಾನು ಹಾಕಿದ್ದು ಎನ್ನಲು ಒಂದು ಉಸಿರು ಸಾಕಿತ್ತು. ಸ್ಪ್ಯಾನರನ್ನೇ ಒರೆಸುತ್ತ ನಿಂತೆ.

ಸಾವಕಾರರು ಕೂಗಾಡಲಿಲ್ಲ. ಅವರ ಮುಖ ಬಿಳಿಚಿತು. "ಅಯ್ಯನವರನ್ನ ಕೂರಿಸಿದ್ನಲ್ರಿ ನಾನು" ಎಂದಷ್ಟೇ ಅಂದರು. ಹೊಳೆಯ ಕಡೆ ತಿರುಗಿ, "ನೀವು ಇನ್ನು ಈ ಕಡೀಗೆ ಬರಬ್ಯಾಡ್ರಿ ಉಸ್ತಾದ್ರೆ. ಬೇಕಾದ್ರೆ ಮಲ್ಲಪ್ಪನ್ನ ಕಳಿಸ್ರಿ, ಅವನು ನಮ್ಮ ಹುಡುಗ" ಅಂದರು. ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ರೈಲಿನಲ್ಲಿ ಬರುವಾಗ ನಾನು ಅತ್ತೆ. ಉಸ್ತಾದರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. "ಯಾಕ ಹೇಳಿದ್ರಿ? ಮುಚ್ಚಿಹಾಕಬೋದಿತ್ತಲ್ರಿ" ಎಂದೆ.

"ಜಬಾನು ಕೊಟ್ಟಿದ್ದೆನಲ್ಲೋ. ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು ಅಂತ ನೀವೇ ಅಂತೀರಲ್ಲ."

"ಹೇಳೋದಾದ್ರೆ ನನ್ನ ಹೆಸರು ಹೇಳಬೇಕಿತ್ತು."

"ನಿನ್ನ ಹೆಸರು ಹೇಳಿದ್ರೆ ನಿಮ್ಮ ಜನ ನಿನ್ನ ಮನೀಗೆ ನೀರು ಕುಡಿಯಾಕೂ ಬರಲ್ಲ. ತಂಗಿ ಅದಾಳೆ ಮದುವಿಗೆ. ನನ್ನ ಹೆಸರಿಗಾದ್ರೆ, ಪಾಪ ಸಾಬ್ರಿಗೇನು ಗೊತ್ತು ಅಂತ ಎರಡು ದಿನ ಅಂತಾರೆ, ಮರೀತಾರೆ." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಮುಂದಿನ ಸಲ ಕೇಳಿ ಹಾಕು" ಅಂದರು.

ಅವರ ಲೆಕ್ಕಾಚಾರ ತಪ್ಪಿದ್ದು ಅದೊಂದೇ ಸಲ. ಜನ ಮರೆಯಲಿಲ್ಲ. ದೋಣಿ ಕಟ್ಟುವ ಜಾಗದ ಚಹಾದಂಗಡಿಯಲ್ಲಿ, "ಸಾಬ್ರು ಬೇಕಂತಲೇ ಚರಬಿ ಹಾಕಿದ್ರಂತೆ, ಅದೂ ಅಯ್ಯನವರು ಕೂಡೋ ದಿನ" ಎಂಬ ಮಾತು ಹುಟ್ಟಿತು. ಬೇಕಂತಲೇ ಎಂಬುದನ್ನು ಯಾರು ಸೇರಿಸಿದರೋ ಆ ಶಿವನೇ ಬಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಅಲ್ಲೇ ಬೆಂಚಿನ ಮೇಲೆ ಕೂತು ಕಪ್ಪಿನೊಳಗೆ ಮುಖ ಹಾಕುತ್ತಿದ್ದೆ. ಮಾತು ಹರಿಹರದಿಂದ ದಾವಣಗೆರೆಗೂ ಬಂತು. ಇಪ್ಪತ್ತು ವರ್ಷದಿಂದ ಉಸ್ತಾದರನ್ನೇ ಕರೆಯುತ್ತಿದ್ದ ಎರಡು ಗಿರಣಿಯವರು ಬೇರೆ ಮೆಕ್ಯಾನಿಕ್ ಹುಡುಕಿಕೊಂಡರು. ಉಸ್ತಾದರು ಒಮ್ಮೆಯೂ ಆ ಸುದ್ದಿ ಎತ್ತಲಿಲ್ಲ.

ಲಾಂಚು ಮಾತ್ರ ಅವರ ತಲೆಯಿಂದ ಇಳಿಯಲಿಲ್ಲ. ವರ್ಕ್‌ಶಾಪಿನ ಹಿಂದೆ ನೀರಿನ ತೊಟ್ಟಿಯಲ್ಲಿ ಹಳೆಯ ಪಂಪೊಂದನ್ನು ಹೂಡಿ, ಅದರ ಗ್ಲ್ಯಾಂಡಿಗೆ ದಿನಕ್ಕೊಂದು ಜಿಡ್ಡು ಕುಡಿಸಿ ನೋಡುತ್ತಿದ್ದರು. ಒಂದು ದಿನ ಚಪ್ಪಲಿ ಹೊಲಿಸಲು ಹೋದವರು ಹೊಲಿಸದೆ ಓಡಿ ಬಂದರು. "ಮಲ್ಲೂ, ಅವನು ದಾರಕ್ಕೆ ಏನು ಹಚ್ತಾನೆ ನೋಡೀಯೇನು? ಜೇನುಮೇಣ! ನೀರಿನಾಗೆ ಮುಳುಗಿಸಿದ್ರೂ ಬಿಡಲ್ಲ ಅದು!" ಮೇಣ ಒಂದೇ ಆದರೆ ಗಟ್ಟಿಯಾಗುತ್ತದೆ. ಹರಳೆಣ್ಣೆಯಲ್ಲಿ ಕರಗಿಸಿ, ಪೆನ್ಸಿಲ್ಲಿನೊಳಗಿನ ಕರಿಯನ್ನು ಪುಡಿ ಮಾಡಿ ಕಲಸಿ, ಬಿಸಿಯಿದ್ದಾಗಲೇ ಹಗ್ಗಕ್ಕೆ ಕುಡಿಸಿದರು. ತೊಟ್ಟಿಯ ಪಂಪು ಒಂದು ತಿಂಗಳು ತಿರುಗಿತು. ಬಿಚ್ಚಿ ನೋಡಿದರೆ ಬಳೆಗಳು ಹೊಸ ಮದುಮಗಳ ಬಳೆಯಂತಿದ್ದವು.

"ತಗೊಂಡು ಹೋಗು. ಜೇನುತುಪ್ಪ ಅಭಿಷೇಕಕ್ಕೆ ಆಗ್ತೈತೆ ಅಂದ್ಮೇಲೆ ಮೇಣ ಯಾಕ ಆಗಲ್ಲ? ನೀನೇ ಕಂಡುಹಿಡಿದದ್ದು ಅಂತ ಹೇಳು" ಎಂದು ಸುರುಳಿಯನ್ನು ನನ್ನ ಕೈಗಿಟ್ಟರು.

ನಾನು ಹಾಗೆ ಹೇಳಲಿಲ್ಲ. ಉಸ್ತಾದರು ಮಾಡಿದ್ದು ಎಂದೂ ಹೇಳಲಿಲ್ಲ. ಸುಮ್ಮನೆ ಕೂರಿಸಿ ಬಂದೆ. ಆ ಹಂಗಾಮೆಲ್ಲ ಗ್ಲ್ಯಾಂಡು ಬಿಚ್ಚುವ ಪ್ರಸಂಗವೇ ಬರಲಿಲ್ಲ. "ನಮ್ಮ ಹುಡುಗ ಮಾಡಿದ್ದು ನೋಡ್ರಿ" ಎಂದು ಸಾವಕಾರರು ನಾಲ್ಕು ಜನರೆದುರು ಹೇಳಿದಾಗ ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಅಂದುಕೊಂಡರು.

ಪ್ರತಿ ಸೋಮವಾರ ನಾನು ಹರಿಹರಕ್ಕೆ ಹೋಗಿ ಲಾಂಚು ನೋಡಿ ಬರುತ್ತಿದ್ದೆ. ಸಂಜೆ ನಾನು ಬರುವುದನ್ನೇ ಉಸ್ತಾದರು ಕಾಯುತ್ತಿದ್ದರು. ಸ್ಟೂಲು ಎಳೆದು ಕೂರಿಸಿ, "ಹೊಳಿ ಹೆಂಗೈತೋ?" ಎಂದು ಶುರು ಮಾಡುತ್ತಿದ್ದರು. ನೀರು ಎಷ್ಟು ಮೆಟ್ಟಿಲು ಏರಿದೆ, ಹನಿ ಅಳತೆಗೆ ಬೀಳುತ್ತಿದೆಯೇ, ಶಾಫ್ಟಿಗೆ ಕೈಯಿಟ್ಟರೆ ಬಿಸಿ ಎಷ್ಟು, ಹನುಮಂತಪ್ಪ ಏನಂದ. ನಾನು ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ತವರಿನ ಸುದ್ದಿ ಕೇಳುವ ಹೆಣ್ಣುಮಗಳ ಹಾಗೆ ಕೇಳುತ್ತಿದ್ದರು. ಅವರಿಗೆ ಆ ಹೊಳೆಯನ್ನು ತಪ್ಪಿಸಿದವನು ನಾನು, ಅದರ ಸುದ್ದಿ ತಂದು ಹೇಳುವವನೂ ನಾನು.

ಎರಡು ವರ್ಷ ಹೀಗೇ ಕಳೆದ ಮೇಲೆ ತಡೆಯಲಾಗಲಿಲ್ಲ. ಸಾವಕಾರರ ಮನೆಗೆ ಹೋಗಿ, ಪಡಸಾಲೆಯಲ್ಲಿ ನಿಂತು ಎಲ್ಲ ಹೇಳಿದೆ.

"ಕೂಡು" ಅಂದರು ಅವರು. "ನನಗೆ ಆವತ್ತೇ ಅನುಮಾನ ಇತ್ತು. ಆ ಮನುಷ್ಯ ಹಾಕೋನಲ್ಲ."

"ಹಂಗಾದ್ರೆ ಜನಕ್ಕೆ ಹೇಳೋಣ್ರಿ. ನಾನೇ ಹೇಳ್ತೀನಿ."

"ಈಗ್ಯಾಕ ಅದು? ಹಳೇ ಮಾತು. ನಿನ್ನ ತಂಗೀ ಮದುವಿ ಗೊತ್ತಾಗೈತೆ ಅಂತ ಕೇಳಿದೆ. ಸುಮ್ನೆ ಜೇನುಗೂಡಿಗೆ ಕಲ್ಲು ಹೊಡೀಬ್ಯಾಡ. ಉಸ್ತಾದ್ರು ದೊಡ್ಡ ಮನಸ್ಸಿನವರು, ಹೊತ್ಕೊಂಡಾರೆ."

ನಿಮ್ಮಂಥ ಹೊಸಬರಿಗೆ ನಾನು ನಿಜ ಹೇಳಬೇಕು. ಆ ಮಾತು ಕೇಳಿ ನನಗೆ ಬೇಸರವಾಗಲಿಲ್ಲ, ಹಗುರವಾಯಿತು. ನನ್ನ ಪಾಲಿನದು ಮುಗಿಯಿತು, ಹೇಳಿದ್ದೇನೆ, ಅವರೇ ಬೇಡವೆಂದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ. ತಂಗಿಯ ಮದುವೆ ಸಾಂಗವಾಗಿ ನಡೆಯಿತು. ಉಸ್ತಾದರು ಬಂದು ಊಟ ಮಾಡಿ ಹೋದರು.

ಮರುವರ್ಷ ಮಳೆಗಾಲದ ಒಂದು ಮಧ್ಯಾಹ್ನ. ಸಂತೆಗೆ ಹೊರಟ ಜನರಿಂದ ಲಾಂಚು ತುಂಬಿತ್ತು. ಸಾವಕಾರರ ಬೀಗರ ಕಡೆಯವರೂ ಇದ್ದರು. ನಾನು ಹಿಂದೆ ಶಾಫ್ಟಿನ ಹತ್ತಿರ ಕೂತಿದ್ದೆ. ದಡ ಬಿಟ್ಟು ನೂರು ಮಾರು ಬಂದಿರಬೇಕು, ಹನುಮಂತಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಹಿಂದೆ ನೋಡಿ, "ಅಲ್ಲಿ ಹೊಂಗೆ ಮರದ ಬುಡದಾಗೆ ನಿಂತೋರು ನಿಮ್ಮ ಉಸ್ತಾದ್ರಲ್ಲೇನ್ರಿ?" ಅಂದ.

ನೋಡಿದೆ. ಅವರೇ. ಬಿಳಿ ಟೋಪಿ, ಒಂದು ಕೈಯಲ್ಲಿ ಕೊಡೆ, ಕೆಸರಿಗೆ ಬಿಚ್ಚಿದ ಚಪ್ಪಲಿ ಇನ್ನೊಂದು ಕೈಯಲ್ಲಿ. ದೋಣಿ ಹತ್ತುವ ಜಾಗಕ್ಕೆ ಇಳಿಯದೆ ಮೇಲೆಯೇ ನಿಂತಿದ್ದರು. ಲಾಂಚಿನ ಜನವೂ ಅತ್ತ ತಿರುಗಿದರು. "ಚರಬಿ ಸಾಬ್ರೇನು?" ಎಂದು ಬೀಗರಲ್ಲೊಬ್ಬರು ಕೇಳಿದರು.

"ಯಾರೋ ಇರಬೇಕು ಬಿಡ್ರಿ" ಅಂದೆ ನಾನು.

ಎದುರು ದಡಕ್ಕೆ ಜನರನ್ನಿಳಿಸಿ ತಿರುಗಿ ಬರುವಷ್ಟರಲ್ಲಿ ಮರದ ಕೆಳಗೆ ಯಾರೂ ಇರಲಿಲ್ಲ. ಸ್ಟೇಷನ್ನಿಗೆ ಓಡಿದೆ. ಗಾಡಿ ಹೋಗಿತ್ತು.

ಸಂಜೆ ವರ್ಕ್‌ಶಾಪಿಗೆ ಹೋದರೆ ಉಸ್ತಾದರು ಎಂದಿನಂತೆ ಸ್ಟೂಲು ಎಳೆದರು. "ಹೊಳಿ ಹೆಂಗೈತೋ?" ಎಂದು ಕೇಳಿದರು.

"ನೀವು ಬಂದಿದ್ರಿ" ಎಂದೆ.

"ಹೂಂ. ಒಂದು ಸಲ ಕಿವಿಯಾರೆ ಕೇಳಬೇಕು ಅನ್ನಿಸ್ತು. ಛಲೋ ತಿರುಗ್ತೈತೆ. ಸದ್ದೇ ಇಲ್ಲ."

"ನಾನು ನಿಮ್ಮನ್ನ ನೋಡಿದೆ ಉಸ್ತಾದ್."

"ಗೊತ್ತು. ನೀನು ಈ ಕಡೆ ತಿರುಗಿದ್ದು ಕಾಣಿಸ್ತು." ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. "ಕೂಗಿದ್ರೆ ಬರ್ತಿದ್ದೆ."

ಅದರ ಮೇಲೆ ಅವರು ಹನ್ನೊಂದು ವರ್ಷ ಬದುಕಿದ್ದರು. ನಾನು ಹರಿಹರದಲ್ಲಿ ಕಾರ್ಖಾನೆ ಸೇರಿದೆ, ಲಾಂಚು ಗುಜರಿಗೆ ಹೋಯಿತು, ಹನುಮಂತಪ್ಪ ತೀರಿಕೊಂಡ, ಸಾವಕಾರರೂ ಹೋದರು. ನನ್ನ ಮೇಲೆ ಉಸ್ತಾದರ ಪ್ರೀತಿ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ, ಅದೇ ನನಗೆ ತಡೆಯಲಾಗದ್ದು. ಆ ದಂಡೆಗೆ ಅವರು ಮತ್ತೆ ಬರಲಿಲ್ಲ. ಈಗ ಮಳೆಗಾಲದಲ್ಲಿ ನಾನು ಹೊಳೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಆ ನೂರು ಮಾರು ನೀರು ನನಗೆ ಮತ್ತೊಂದು ಸಲ ಸಿಕ್ಕಿದ್ದರೆ, ಲಾಂಚು ತಿರುಗಿಸು ಹನುಮಂತಪ್ಪ ಎಂದು ಹೇಳುತ್ತಿದ್ದೆ, ಅಷ್ಟೂ ಜನರೆದುರು ಅವರ ಕೈಹಿಡಿದು ಹತ್ತಿಸಿಕೊಳ್ಳುತ್ತಿದ್ದೆ. ಅವರು ಇನ್ನೊಂದು ಸಲ ಹೊಳೆಯ ಗಾಳಿಯಲ್ಲಿ ಕೂತದ್ದನ್ನು ನೋಡಬೇಕೆಂಬ ಆಸೆಯೊಂದು ಬಿಟ್ಟರೆ ಈ ವಯಸ್ಸಿನಲ್ಲಿ ನನಗೆ ಬೇರೆ ಯಾವ ಆಸೆಯೂ ಉಳಿದಿಲ್ಲ.

ಹರಿಹರದ ಕಡೆ ಹಳಬರು ಯಾರಾದರೂ ಇನ್ನೂ ಆ ಚರಬಿಯ ಕತೆ ಹೇಳುವುದುಂಟು. ನೀವು ಕೇಳಿದರೆ ಸುಮ್ಮನಿರಬೇಡಿ. ಅದನ್ನು ಹಾಕಿದವನು ಆನಗೋಡಿನ ಸಿದ್ರಾಮಪ್ಪನ ಮಗ ಮಲ್ಲಪ್ಪ, ಅವನೇ ತನ್ನ ಕೈಯಾರೆ ಬರೆದು ಕೊಟ್ಟಿದ್ದಾನೆ ಎಂದು ಹೇಳಿ. ಸ್ವಲ್ಪ ಗಟ್ಟಿಯಾಗಿಯೇ ಹೇಳಿ.